ಗಣಕಕ್ಕೂ ಬೇಕು ಒಬ್ಬ ನೀರುಗಂಟಿ

ಪಹಣಿಯಿಂದ ಹಿಡಿದು ಜಾತಿ–ಆದಾಯ ಪತ್ರದವರೆಗೆ ಎಲ್ಲವೂ ಈಗ ಗಣಕಯಂತ್ರದ ಒಡಲು ಸೇರಿದೆ. ಆದರೆ ಯಂತ್ರವನ್ನು ತಂದು ಕೂರಿಸುವುದು ಒಂದು ದಿನದ ಕೆಲಸ, ಅದನ್ನು ಕಾಪಾಡಿಕೊಂಡು ಹೋಗುವುದು ದಿನನಿತ್ಯದ ಕೆಲಸ. ಈ ಎರಡನೆಯ ಕೆಲಸದ ಮೇಲೆಯೇ ಹೊಸದುರ್ಗದಂಥ ತಾಲ್ಲೂಕಿನ ವಿದ್ಯಾರ್ಥಿಗಳ, ರೈತರ ಹಣೆಬರಹ ನಿಂತಿದೆ.

ಪಿಯುಸಿ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಓದಿನ ಜೊತೆಗೆ ಇನ್ನೊಂದು ಓಡಾಟವೂ ಶುರುವಾಗುತ್ತದೆ. ಅದು ಪ್ರಮಾಣಪತ್ರದ ಓಡಾಟ. ಸಿಇಟಿ ಅರ್ಜಿಯಲ್ಲಿ ಮೀಸಲಾತಿ ಕೋರುವವರು ಜಾತಿ–ಆದಾಯ ಪತ್ರದ ‘ಆರ್‌ಡಿ’ ಸಂಖ್ಯೆಯನ್ನು ತುಂಬಬೇಕು. ವಿದ್ಯಾರ್ಥಿವೇತನದ ಅರ್ಜಿಗೂ ಅದೇ ಸಂಖ್ಯೆ ಬೇಕು. ಈ ಸಂಖ್ಯೆ ಹುಟ್ಟುವುದು ಬೆಂಗಳೂರಿನ ಯಾವುದೋ ದೊಡ್ಡ ಕಟ್ಟಡದಲ್ಲಿ ಅಲ್ಲ, ಹೋಬಳಿಯ ನಾಡಕಚೇರಿಯ ಒಂದು ಮೇಜಿನ ಮೇಲೆ. ಹೊಸದುರ್ಗ ತಾಲ್ಲೂಕಿನಲ್ಲಾದರೆ ಕಸಬಾ, ಮತ್ತೋಡು, ಮಾಡದಕೆರೆ, ಶ್ರೀರಾಂಪುರ ಹೋಬಳಿಗಳ ಮಕ್ಕಳೆಲ್ಲರೂ ಈ ಮೇಜನ್ನು ದಾಟಿಯೇ ಇಂಜಿನಿಯರಿಂಗಿಗೋ, ಕೃಷಿ ಪದವಿಗೋ, ನರ್ಸಿಂಗಿಗೋ ಹೋಗಬೇಕು.

ಆ ಮೇಜಿನ ಮುಂದೆ ನಿಂತವರು ಕೇಳಿ ಕೇಳಿ ಬೇಸತ್ತ ಮಾತೊಂದಿದೆ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರ ಬಾಯಲ್ಲೂ ಈಗ ‘ಸರ್ವರ್’ ಎಂಬ ಪದ ಸಲೀಸಾಗಿ ಬರುತ್ತದೆ. ಮಳೆ ಇಲ್ಲ, ಕರೆಂಟ್ ಇಲ್ಲ ಎಂಬಷ್ಟೇ ಸಹಜವಾಗಿ ‘ಸರ್ವರ್ ಇಲ್ಲ’ ಎನ್ನುವುದನ್ನು ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ಆದರೆ ಇದು ಮಳೆಯ ಹಾಗೆ ದೈವದ ಮೇಲೆ ಭಾರ ಹಾಕಿ ಕೂರುವ ಸಂಗತಿಯಲ್ಲ. ಮನುಷ್ಯರು ಕಟ್ಟಿದ, ಮನುಷ್ಯರೇ ನೋಡಿಕೊಳ್ಳಬೇಕಾದ ವ್ಯವಸ್ಥೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿದುಕೊಂಡರೆ ವಿದ್ಯಾರ್ಥಿಗಳಿಗೆ ಎರಡು ಲಾಭ. ಒಂದು, ತಮ್ಮ ಕೆಲಸ ಸಕಾಲಕ್ಕೆ ಆಗುವಂತೆ ನೋಡಿಕೊಳ್ಳಬಹುದು. ಎರಡು, ಅದರಲ್ಲಿಯೇ ತಮಗೊಂದು ಉದ್ಯೋಗದ ದಾರಿ ಇದೆಯೇ ಎಂದು ಯೋಚಿಸಬಹುದು.

ಕಡತದಿಂದ ಪರದೆಗೆ

ಒಂದು ಕಾಲಕ್ಕೆ ಹಳ್ಳಿಯ ಭೂಮಿಯ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿತ್ತು. ಗ್ರಾಮಾಧಿಕಾರಗಳನ್ನು ರದ್ದುಪಡಿಸುವ 1961ರ ಕಾಯ್ದೆ ಬಂದ ಮೇಲೆ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ, ಆ ಜಾಗಕ್ಕೆ ಸರ್ಕಾರಿ ನೌಕರರಾದ ಗ್ರಾಮ ಲೆಕ್ಕಿಗರು ಬಂದರು. ಕಡತವನ್ನು ಹಿಡಿದ ಕೈ ಬದಲಾಯಿತೇ ಹೊರತು ಕಡತ ಬದಲಾಗಲಿಲ್ಲ. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರು ತಲಾ ಮೂರು–ನಾಲ್ಕು ಹಳ್ಳಿಗಳ ಪಹಣಿಗಳನ್ನು ಕೈಬರಹದಲ್ಲಿಯೇ ಕಾಪಾಡುತ್ತಿದ್ದರು. ಪಹಣಿ ಬೇಕಾದ ರೈತ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ಬರೆದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಉಪಾಯವೂ ಅವನಿಗಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, 2002ರ ಹೊತ್ತಿಗೆ ಹೊಸದುರ್ಗವೂ ಸೇರಿದಂತೆ ರಾಜ್ಯದ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಪಹಣಿ ಕೇಂದ್ರಗಳನ್ನು ತೆರೆಯಲಾಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಹೊಣೆ ಹೊತ್ತಿದ್ದರು. 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್ಐಸಿ, ತಂತ್ರಾಂಶವನ್ನು ರೂಪಿಸಿತು. ಆಗ ಒಂದು ಪಹಣಿಗೆ 15 ರೂಪಾಯಿ ಶುಲ್ಕ. ತಾಲ್ಲೂಕಿನಲ್ಲಿ ಗಣಕೀಕೃತ ಪಹಣಿ ಜಾರಿಗೆ ಬಂದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಲಾಯಿತು. ಹಿಂದಕ್ಕೆ ಹೋಗುವ ಬಾಗಿಲನ್ನೇ ಮುಚ್ಚಿದಂತಾಯಿತು.

‘ಭೂಮಿ’ಯ ಹಿಂದೆಯೇ ಉಳಿದವೂ ಬಂದವು. 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ಖಾಸಗಿ ಸಹಭಾಗಿತ್ವದ ‘ನೆಮ್ಮದಿ’ ಕೇಂದ್ರಗಳು ಆರಂಭವಾದವು. 2012ರಲ್ಲಿ ಸರ್ಕಾರವೇ ಆ ಸೇವೆಯನ್ನು ವಹಿಸಿಕೊಂಡು ಅಟಲ್‌ಜೀ ಜನಸ್ನೇಹಿ ಕೇಂದ್ರಗಳ ಹೆಸರಿನಲ್ಲಿ ನಾಡಕಚೇರಿಗಳಿಂದ ನಡೆಸತೊಡಗಿತು. ಗ್ರಾಮ ಪಂಚಾಯಿತಿಗೆ ಲೆಕ್ಕಪತ್ರದ ‘ಪಂಚತಂತ್ರ’ ಬಂತು, ಮನೆ–ನಿವೇಶನದ ‘ಇ–ಸ್ವತ್ತು’ ಬಂತು. 2016ರಲ್ಲಿ ಬಾಪೂಜಿ ಸೇವಾ ಕೇಂದ್ರ ಬಂತು. ಪುರಸಭೆಯಲ್ಲಿ ಆಸ್ತಿ ತೆರಿಗೆ, ಜನನ–ಮರಣ ನೋಂದಣಿಗಳೂ ಗಣಕಕ್ಕೆ ಏರಿದವು. ಹೀಗೆ ಕಾಲು ಶತಮಾನದೊಳಗೆ ಊರಿನ ಆಡಳಿತವೆಲ್ಲ ಕಾಗದ ಬಿಟ್ಟು ಪರದೆಯ ಮೇಲೆ ಬಂದು ಕುಳಿತಿತು.

ಒಂದು ಪತ್ರದ ಪಯಣ

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಏನಾಗುತ್ತದೆ? ಗಣಕ ನಿರ್ವಾಹಕರು ವಿವರಗಳನ್ನು ತುಂಬುತ್ತಾರೆ. ಅರ್ಜಿ ಗ್ರಾಮ ಆಡಳಿತಾಧಿಕಾರಿಗೆ ಹೋಗುತ್ತದೆ. ಹಿಂದಿನ ಗ್ರಾಮ ಲೆಕ್ಕಿಗರಿಗೆ ಈಗಿನ ಹೆಸರು ಇದು. ಅವರ ವರದಿಯ ಮೇಲೆ ರಾಜಸ್ವ ನಿರೀಕ್ಷಕರು ನೋಡುತ್ತಾರೆ. ಕೊನೆಗೆ ಉಪ ತಹಶೀಲ್ದಾರರು ತಮ್ಮ ಡಿಜಿಟಲ್ ಸಹಿ ಹಾಕುತ್ತಾರೆ. ಆಗ ಪತ್ರ ಸಿದ್ಧ.

ಕಾಗದದ ಕಾಲದಲ್ಲಿಯೂ ಈ ಮೆಟ್ಟಿಲುಗಳಿದ್ದವು. ಆದರೆ ಗಣಕದ ಕಾಲದಲ್ಲಿ ಪ್ರತಿ ಮೆಟ್ಟಿಲಿನ ಕೆಳಗೂ ಕಣ್ಣಿಗೆ ಕಾಣದ ಇನ್ನೊಂದು ಏಣಿ ಇದೆ. ಮೊದಲು ವಿದ್ಯುತ್ ಬೇಕು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗ ಜಿಲ್ಲೆಯಲ್ಲಿಯೂ ಕಚೇರಿಯ ಕರೆಂಟ್ ಹೋಗುವುದು ಹೊಸದಲ್ಲ. ಕರೆಂಟ್ ಹೋದಾಗ ಗಣಕವನ್ನು ಹಿಡಿದು ನಿಲ್ಲಿಸಲು ಯುಪಿಎಸ್ ಬೇಕು. ಯುಪಿಎಸ್ ಇದ್ದರಷ್ಟೇ ಸಾಲದು, ಅದರ ಬ್ಯಾಟರಿಗೆ ಜೀವವಿರಬೇಕು. ಕೆಲವು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಅದು ಹೆಸರಿಗಷ್ಟೇ ಬ್ಯಾಟರಿ.

ಅಲ್ಲಿಂದ ಮುಂದೆ ತಂತಿಯ ದಾರಿ. ರಾಜ್ಯದ ಕಚೇರಿಗಳನ್ನು ಬೆಸೆಯುವ ‘ಕೆ–ಸ್ವಾನ್’ ಎಂಬ ಜಾಲವಿದೆ. ರಾಜ್ಯ ಕೇಂದ್ರದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಹರಿಯುವ ಮಾಹಿತಿಯ ನಾಲೆ ಅದು. ಇಂಥ ಜಾಲಗಳಿಗಾಗಿ ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿಗೆ ಕೊಟ್ಟ ಯೋಜನೆಯಲ್ಲಿ ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ವೇಗ ಇರಬೇಕೆಂದು ಗೊತ್ತುಮಾಡಲಾಗಿತ್ತು. ಇಂದು ಕೈಯಲ್ಲಿರುವ ಮೊಬೈಲೇ ಅದಕ್ಕಿಂತ ಎಷ್ಟೋ ಪಾಲು ವೇಗವಾಗಿ ಓಡುತ್ತದೆ ಎಂಬುದನ್ನು ನೆನೆದರೆ ಕಾಲ ಎಷ್ಟು ಬದಲಾಯಿತೆಂದು ತಿಳಿಯುತ್ತದೆ. ನಾಲೆಯ ಕೊನೆಯಲ್ಲಿ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವಿದೆ. ಸರ್ವರ್ ಎಂದು ಜನ ಕರೆಯುವ ದೊಡ್ಡ ಗಣಕಗಳು ಇರುವುದು ಅಲ್ಲಿ.

ಹೀಗಾಗಿ ‘ಸರ್ವರ್ ಇಲ್ಲ’ ಎಂದಾಗಲೆಲ್ಲ ಸರ್ವರ್ ಕೆಟ್ಟಿದೆ ಎಂದು ಅರ್ಥವಲ್ಲ. ಪಕ್ಕದ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿರಬಹುದು. ಜಾಲದ ಪೆಟ್ಟಿಗೆ ಇಲಿಯ ಪಾಲಾಗಿರಬಹುದು. ಅರ್ಜಿಯ ಕೊನೆಯ ದಿನ ರಾಜ್ಯದ ಲಕ್ಷಾಂತರ ಮಂದಿ ಒಟ್ಟಿಗೆ ಬಾಗಿಲು ತಟ್ಟಿ ದತ್ತಾಂಶ ಕೇಂದ್ರಕ್ಕೆ ಉಸಿರುಗಟ್ಟಿರಬಹುದು. ಅಥವಾ ಸಹಿ ಹಾಕಬೇಕಾದ ಅಧಿಕಾರಿ ಸಭೆಗೆ ಹೋಗಿರಬಹುದು. ಕಾರಣ ಬೇರೆ ಬೇರೆ, ಉತ್ತರ ಮಾತ್ರ ಒಂದೇ. ರೋಗ ಯಾವುದೆಂದು ಹೇಳುವವರಿಲ್ಲದ ಕಡೆ ಎಲ್ಲಕ್ಕೂ ಒಂದೇ ಮದ್ದು: ‘ನಾಳೆ ಬನ್ನಿ.’

ಕೆರೆ ಆಧಾರದ ಊರುಗಳಲ್ಲಿ ನೀರುಗಂಟಿ ಎಂಬವನೊಬ್ಬ ಇರುತ್ತಿದ್ದ. ಕೆರೆಯನ್ನು ಕಟ್ಟಿಸಿದವನು ಅವನಲ್ಲ, ನೀರಿನ ಒಡೆಯನೂ ಅಲ್ಲ. ತೂಬು ಎತ್ತುವುದು, ಕಾಲುವೆಯ ಹೂಳು ತೆಗೆಸುವುದು, ಏರಿಯಲ್ಲಿ ಬಿಲ ಬಿದ್ದಿದೆಯೇ ಎಂದು ನೋಡುವುದು, ಕೊನೆಯ ಗದ್ದೆಗೂ ಪಾಳಿ ಪ್ರಕಾರ ನೀರು ಮುಟ್ಟಿಸುವುದು ಅವನ ಕೆಲಸ. ಅವನಿದ್ದರೆ ಕೆರೆ, ಇಲ್ಲದಿದ್ದರೆ ಬರಿ ಗುಂಡಿ. ಕಚೇರಿಯ ಗಣಕ ವ್ಯವಸ್ಥೆಗೂ ಬೇಕಾಗಿರುವುದು ಇಂಥ ಒಬ್ಬ ನೀರುಗಂಟಿಯೇ.

ಮೊಹರು ಯಾರ ಕೈಯಲ್ಲಿ?

ಕಂದಾಯ ದಾಖಲೆಯಲ್ಲಿ ಒಂದು ಸಾಲು ಬದಲಾದರೆ ಒಂದು ಸಂಸಾರ ಬೀದಿಗೆ ಬೀಳಬಹುದು. ಆದ್ದರಿಂದ ಯಂತ್ರ ಓಡುತ್ತಿದ್ದರೆ ಸಾಲದು, ಅದನ್ನು ಯಾರು ಮುಟ್ಟಿದರು ಎಂಬುದೂ ಗೊತ್ತಾಗಬೇಕು. ‘ಭೂಮಿ’ಯನ್ನು ರೂಪಿಸಿದವರು ಈ ಮಾತನ್ನು ಮೊದಲೇ ಯೋಚಿಸಿದ್ದರು. ಬರಿ ಗುಪ್ತಪದವನ್ನು ನಂಬದೆ, ಬೆರಳಚ್ಚು ಕೊಟ್ಟರೆ ಮಾತ್ರ ಒಳಗೆ ಬಿಡುವ ಏರ್ಪಾಡು ಮಾಡಿದರು. ಖಾತೆ ಬದಲಾವಣೆಯ ಅರ್ಜಿಗಳಿಗೆ ‘ಮೊದಲು ಬಂದದ್ದು ಮೊದಲು’ ಎಂಬ ಕ್ರಮವನ್ನು ಗಣಕವೇ ಹೇರುವಂತೆ ಮಾಡಿದರು. ಬೇಕಾದವರ ಅರ್ಜಿಯನ್ನು ಮೇಲಕ್ಕೆ ಎಳೆದುಕೊಳ್ಳುವ ಹಳೆಯ ಕೈಚಳಕಕ್ಕೆ ಇದರಿಂದ ತಡೆ ಬಿತ್ತು. ಇನ್ನೂ ಒಂದು ಸರಳ ಉಪಾಯವಿತ್ತು. ನಿರ್ವಾಹಕರ ಎದುರಿನ ಪರದೆಯಲ್ಲದೆ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನೂ ಇಡಲಾಯಿತು. ತನ್ನ ಜಮೀನಿನ ಬಗ್ಗೆ ಗಣಕದಲ್ಲಿ ಏನು ಬರುತ್ತಿದೆ ಎಂದು ರೈತ ಕಣ್ಣಾರೆ ಕಾಣಬಹುದಾಗಿತ್ತು.

ಡಿಜಿಟಲ್ ಸಹಿಗೆ ಕಾನೂನಿನ ಬಲ ಬಂದಿದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದಿಂದ. ಹೆಬ್ಬೆರಳಿನಷ್ಟು ಗಾತ್ರದ ಒಂದು ಸಾಧನವನ್ನು ಗಣಕಕ್ಕೆ ಸಿಕ್ಕಿಸಿ, ಗುಪ್ತಸಂಖ್ಯೆ ಒತ್ತಿದರೆ ಸಹಿ ಬಿದ್ದಂತೆ. ಹಿಂದಿನ ಕಾಲದ ಮೊಹರು ಇದ್ದ ಹಾಗೆ. ‘ನನಗೆ ಪುರುಸೊತ್ತಿಲ್ಲ, ನೀನೇ ಒತ್ತಿಬಿಡಪ್ಪ’ ಎಂದು ಆ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟಂತೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ನಾಳೆ ತಪ್ಪು ನಡೆದಾಗ ಗಣಕ ತೋರಿಸುವುದು ಸಾಧನದ ಒಡೆಯನ ಹೆಸರನ್ನೇ.

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಒಬ್ಬೊಬ್ಬರಿಗೂ ಅವರವರ ಹೆಸರಿನ ಪ್ರವೇಶಪದ ಇರಬೇಕು. ಅವರವರ ಕೆಲಸಕ್ಕೆ ಬೇಕಾದಷ್ಟೇ ಬಾಗಿಲು ತೆರೆಯಬೇಕು. ವರ್ಗವಾಗಿ ಹೋದವರ, ನಿವೃತ್ತರಾದವರ ಪ್ರವೇಶವನ್ನು ಅಂದೇ ಮುಚ್ಚಬೇಕು. ಯಾರು ಯಾವಾಗ ಏನು ಮಾಡಿದರೆಂಬ ದಿನಚರಿಯನ್ನು ಗಣಕ ಬರೆದಿಡಬೇಕು. ಇಂಥ ದಿನಚರಿಯನ್ನು ಕನಿಷ್ಠ 180 ದಿನ ಕಾಪಾಡಬೇಕು, ಅವಘಡ ನಡೆದರೆ 6 ಗಂಟೆಯೊಳಗೆ ತಿಳಿಸಬೇಕು ಎಂದು ಕೇಂದ್ರದ ‘ಸರ್ಟ್–ಇನ್’ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿತು. ಅದು ಸರ್ಕಾರಿ ಕಚೇರಿಗಳಿಗೂ ಅನ್ವಯಿಸುತ್ತದೆ.

ಅಕ್ಷರದ ಪೇಚಾಟ

ಕನ್ನಡದ ಕಚೇರಿಗೆ ಇನ್ನೊಂದು ಪೇಚಾಟವೂ ಇತ್ತು. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವಿದ್ದರೆ ಮಾತ್ರ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬಹುದು. ಮೊದಮೊದಲು ಕನ್ನಡದ ಒಂದೊಂದು ತಂತ್ರಾಂಶವೂ ತನಗೆ ಬೇಕಾದಂತೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳನ್ನು ಕೂರಿಸಿತ್ತು. ಒಂದು ಕಚೇರಿಯಲ್ಲಿ ಬೆರಳಚ್ಚು ಮಾಡಿದ ಕನ್ನಡ ಪತ್ರ ಇನ್ನೊಂದು ಕಚೇರಿಯ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು.

ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶವನ್ನು ಸಿದ್ಧಪಡಿಸಿದ ಮೇಲೆ ಸರ್ಕಾರಿ ಕಚೇರಿಗಳಿಗೆ ಒಂದು ಏಕರೂಪತೆ ಬಂತು. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಜಾಗವಿತ್ತು. ಆದರೆ ಅದು ಕಚೇರಿಯ ಮೇಜಿನವರೆಗೆ ಇಳಿದು ಬರಲು ಬಹಳ ವರ್ಷ ಹಿಡಿಯಿತು. ಇದೇನು ಮಹಾ ವಿಷಯ ಎನ್ನುವಂತಿಲ್ಲ. ಹಳೆಯ ಅಕ್ಷರಪದ್ಧತಿಯಲ್ಲಿ ಬರೆದಿಟ್ಟ ಕಡತದಲ್ಲಿ ಒಂದು ಹೆಸರನ್ನು ಹುಡುಕುವುದೂ ಕಷ್ಟ, ಅದನ್ನು ಬೇರೆ ಇಲಾಖೆಯ ದಾಖಲೆಯೊಡನೆ ಹೋಲಿಸುವುದೂ ಕಷ್ಟ.

ಹೆಸರಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕೈಬರಹದ ಪಹಣಿಯಿಂದ ಗಣಕಕ್ಕೆ ಏರಿಸುವಾಗ ಬಿದ್ದ ತಪ್ಪುಗಳು ಹಾಗೆಯೇ ಉಳಿದುಬಿಟ್ಟವು. ಪಹಣಿಯಲ್ಲಿ ರುದ್ರಪ್ಪ, ಆಧಾರ್‌ನಲ್ಲಿ ರುದ್ರೇಶಪ್ಪ, ಮಗನ ಅಂಕಪಟ್ಟಿಯಲ್ಲಿ ಆರ್. ರುದ್ರಪ್ಪ ಎಂದಿದ್ದರೆ ಮನುಷ್ಯರಿಗೆ ಇವರೆಲ್ಲ ಒಬ್ಬರೇ ಎಂದು ಗೊತ್ತಾಗುತ್ತದೆ. ಗಣಕದ ಪಾಲಿಗೆ ಇವರು ಮೂವರು. ಪಹಣಿ ತಿದ್ದುಪಡಿಗಾಗಿ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಗಿ ಬಂದದ್ದು ಇಂಥ ಕಾರಣಗಳಿಂದಲೇ. ಶಾಲೆಗೆ ಸೇರಿಸುವ ದಿನವೇ ಮಗುವಿನ ಹೆಸರು, ತಂದೆ–ತಾಯಿಯ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇದೆಯೇ ಎಂದು ನೋಡಿಕೊಂಡರೆ ಮುಂದೆ ಹತ್ತಾರು ಸಲ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ವಯನಾಡಿನ ಪಾಠ

ದೂರದ ಹಳ್ಳಿಯ ಪಂಚಾಯಿತಿ ಗಣಕಕ್ಕೆ ಯಾರು ಕನ್ನ ಹಾಕುತ್ತಾರೆ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ನೆರೆಯ ಕೇರಳದಲ್ಲಿದೆ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಕೀಟ ತಂತ್ರಾಂಶ ಜಗತ್ತಿನ ಸುಮಾರು 150 ದೇಶಗಳಿಗೆ ಹಬ್ಬಿತು. ಗಣಕದ ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಬೇಕಾದರೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡಿ ಎಂದು ಅದು ಪರದೆಯ ಮೇಲೆ ಬರೆಯುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದೇ ಹೊತ್ತಿಗೆ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯಿತಿಯ ಗಣಕಗಳಿಗೂ ಅದೇ ಬೀಗ ಬಿದ್ದಿತ್ತು. ಈ ಕೀಟಕ್ಕೆ ಲಂಡನ್, ತರಿಯೋಡು ಎಂಬ ಭೇದವಿಲ್ಲ. ತೆರೆದ ಬಾಗಿಲು ಸಿಕ್ಕರೆ ಸಾಕು.

ಆ ಬಾಗಿಲನ್ನು ಮುಚ್ಚುವ ತೇಪೆ, ಅಂದರೆ ಪ್ಯಾಚ್, ದಾಳಿಗೆ ಸುಮಾರು ಎರಡು ತಿಂಗಳು ಮೊದಲೇ, 2017ರ ಮಾರ್ಚ್ 14ರಂದೇ ಸಿದ್ಧವಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಹಾಕಿಕೊಂಡವರು ಉಳಿದರು. ನಾಳೆ ನೋಡೋಣ ಎಂದವರಲ್ಲಿ ಅನೇಕರು ಸಿಕ್ಕಿಬಿದ್ದರು. ಕಾರ್ಯನಿರ್ವಹಣಾ ತಂತ್ರಾಂಶಗಳಿಗೆ ಆಯುಸ್ಸು ಇರುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಆಮೇಲೂ ಗಣಕ ಓಡುತ್ತದೆ. ಆದರೆ ಹೊಸ ತೂತುಗಳಿಗೆ ತೇಪೆ ಹಾಕುವವರು ಇರುವುದಿಲ್ಲ. ಆದ್ದರಿಂದಲೇ ಯಾವ ಗಣಕ ಯಾವ ವರ್ಷದ್ದು, ಅದರಲ್ಲಿ ಯಾವ ತಂತ್ರಾಂಶವಿದೆ ಎಂಬ ಪಟ್ಟಿ ಪ್ರತಿ ಕಚೇರಿಯಲ್ಲೂ ಇರಬೇಕು. ಮನೆಯ ಪಾತ್ರೆಗಳ ಲೆಕ್ಕ ಇಟ್ಟಂತೆ ಇದು.

ಪಟ್ಟಿಯ ಜೊತೆಗೆ ನಕಲು ಬೇಕು. ಈ ಕಸುಬಿನವರ ಹಳೆಯ ಸೂತ್ರ ಮೂರು–ಎರಡು–ಒಂದು. ಅಂದರೆ ದಾಖಲೆಯ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ಬಿತ್ತನೆ ಬೀಜವನ್ನೆಲ್ಲ ಒಂದೇ ಕಣಜದಲ್ಲಿ ಇಡಬಾರದು ಎಂಬ ರೈತನ ವಿವೇಕವೇ ಇದು. ನಕಲು ಇದ್ದವರಿಗೆ ಕೀಟದ ಬೀಗ ಒಂದು ಕಿರಿಕಿರಿ, ಇಲ್ಲದವರಿಗೆ ಸರ್ವನಾಶ. ನಕಲು ತೆಗೆದು ಸುಮ್ಮನಾದರೂ ಸಾಲದು. ಅದರಿಂದ ದಾಖಲೆ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಿ ನೋಡಬೇಕು.

ಹೊರದೇಶಗಳಲ್ಲಿ ಸ್ಥಳೀಯ ಆಡಳಿತ ಇದನ್ನೆಲ್ಲ ಸುಲಭವಾಗಿ ನಿಭಾಯಿಸುತ್ತದೆ ಎಂದು ಭಾವಿಸುವುದೂ ತಪ್ಪು. ಜರ್ಮನಿಯ ಮ್ಯೂನಿಕ್ ನಗರಾಡಳಿತ ತನ್ನ ಸುಮಾರು 15,000 ಗಣಕಗಳನ್ನು ವಿಂಡೋಸ್‌ನಿಂದ ಮುಕ್ತ ತಂತ್ರಾಂಶವಾದ ಲಿನಕ್ಸ್‌ಗೆ ಬದಲಿಸಲು 2003ರಲ್ಲಿ ತೀರ್ಮಾನಿಸಿತು. ಹತ್ತು ವರ್ಷ ದುಡಿದು ಆ ಕೆಲಸ ಮುಗಿಸಿತು. 2017ರಲ್ಲಿ ಮತ್ತೆ ವಿಂಡೋಸ್‌ಗೇ ಮರಳಲು ನಿರ್ಧರಿಸಿತು. ಇದರ ಸರಿ–ತಪ್ಪುಗಳ ಚರ್ಚೆ ಏನೇ ಇರಲಿ, ಒಂದು ಮಾತಂತೂ ಸ್ಪಷ್ಟ. ಸಾವಿರಾರು ನೌಕರರ ಮೇಜಿನ ಮೇಲಿನ ಗಣಕವನ್ನು ಬದಲಿಸುವುದು ಯಂತ್ರದ ಪ್ರಶ್ನೆಯಷ್ಟೇ ಅಲ್ಲ, ಅಭ್ಯಾಸದ ಪ್ರಶ್ನೆ ಕೂಡ.

ಮೇಜು, ಕುರ್ಚಿಯೂ ಸೌಕರ್ಯವೇ

ಗಣಕದ ಮುಂದೆ ಕೂರುವವರ ಕಷ್ಟವೂ ಒಂದಿದೆ. 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದರು. ಸಂಬಳ, ಬಡ್ತಿಯ ಬೇಡಿಕೆಗಳ ಜೊತೆಗೆ ಇನ್ನೊಂದು ದೂರೂ ಅವರದಾಗಿತ್ತು. ಬೆಳೆ ಸಮೀಕ್ಷೆ, ಆಧಾರ್ ಜೋಡಣೆ, ಪೌತಿ ಖಾತೆ ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಮೊಬೈಲ್ ಆ್ಯಪ್. ಅವುಗಳ ಸಂಖ್ಯೆ ಹದಿನೈದನ್ನೂ ದಾಟಿತ್ತು. ಆದರೆ ಅದಕ್ಕೆ ತಕ್ಕ ಗಣಕವಾಗಲಿ, ಇಂಟರ್‌ನೆಟ್ ಆಗಲಿ, ಕೂರಲು ಸರಿಯಾದ ಜಾಗವಾಗಲಿ ಇಲ್ಲ ಎಂಬುದು ಅವರ ಅಳಲು.

‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ಜನ ಕಚೇರಿಗಳ ಬಗ್ಗೆ ಹೇಳುವುದುಂಟು. ಪೂಜಾರಿಗೆ ಕೂರಲು ಮಣೆಯೇ ಇಲ್ಲದಿದ್ದರೆ ಅವನಾದರೂ ಏನು ಕೊಟ್ಟಾನು? ದತ್ತಾಂಶ ಕೇಂದ್ರಕ್ಕೆ ಕೋಟಿ ಕೋಟಿ ಸುರಿದು, ಹಳ್ಳಿಯ ನೌಕರನ ಮೇಜಿಗೆ ಪ್ಲಗ್ಗು ಹಾಕಿಸದಿದ್ದರೆ ನಾಲೆ ತೋಡಿ ತೂಬು ಮರೆತಂತೆ. ಬಿಸಿಲು ಬೀಳದ ಪರದೆ, ಬೆನ್ನಿಗೆ ಆಸರೆ ಕೊಡುವ ಕುರ್ಚಿ, ಕೈಗೆ ಎಟಕುವ ಮುದ್ರಕ, ಕೆಟ್ಟಾಗ ಕರೆ ಮಾಡಲು ಒಂದು ಸಂಖ್ಯೆ, ಹೊಸ ತಂತ್ರಾಂಶ ಬಂದಾಗ ಎರಡು ದಿನದ ತರಬೇತಿ: ಇವೆಲ್ಲ ಭೋಗವಲ್ಲ, ಕೆಲಸದ ಹತ್ಯಾರುಗಳು.

ಬೆಂಗಳೂರಷ್ಟೇ ಅಲ್ಲ ಐಟಿ

ಕಂಪ್ಯೂಟರ್ ಓದಿದ ಮಗ, ಮಗಳು ಬೆಂಗಳೂರಿನ ದೊಡ್ಡ ಕಂಪೆನಿ ಸೇರಬೇಕೆಂಬುದು ಬಹುಪಾಲು ತಂದೆ–ತಾಯಿಯರ ಆಸೆ. ತಪ್ಪೇನಿಲ್ಲ. ಆದರೆ ತಂತ್ರಾಂಶ ಬರೆಯುವುದಷ್ಟೇ ಐಟಿ ಅಲ್ಲ. ಬರೆದದ್ದನ್ನು ಊರಿನಲ್ಲಿ ನಡೆಸಿಕೊಂಡು ಹೋಗುವುದೂ ಐಟಿಯೇ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ‘ಕೋಪಾ’ ಎಂಬ ಒಂದು ವರ್ಷದ ಗಣಕ ಕೋರ್ಸ್ ಇದೆ. ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷದ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಇದೆ. ಬಿಸಿಎ ಪದವಿ ಇದೆ. ಜಾಲ ನಿರ್ವಹಣೆ, ಯಂತ್ರಾಂಶ ದುರಸ್ತಿ, ದತ್ತಾಂಶ ಸುರಕ್ಷೆಯಲ್ಲಿ ಕೈ ಪಳಗಿದವರ ಅಗತ್ಯ ಜಿಲ್ಲಾ ಕೇಂದ್ರದಿಂದ ಪಂಚಾಯಿತಿಯವರೆಗೂ ಇದೆ. ಎನ್ಐಸಿಯ ತಾಂತ್ರಿಕ ಹುದ್ದೆಗಳಿಗೆ ರಾಷ್ಟ್ರಮಟ್ಟದ ಪರೀಕ್ಷೆ ನಡೆಯುತ್ತದೆ. 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಪಿಯುಸಿಯೇ ವಿದ್ಯಾರ್ಹತೆಯಾಗಿತ್ತು. ಪರೀಕ್ಷೆಯಲ್ಲಿ ಗಣಕ ಜ್ಞಾನದ ಪ್ರಶ್ನೆಗಳೂ ಇದ್ದವು. ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದ ನಿಯಮ 2012ರಲ್ಲೇ ಬಂದಿದೆ.

ಒಂದು ಕಹಿ ಮಾತನ್ನೂ ಹೇಳಲೇಬೇಕು. ಕಚೇರಿಗಳ ಗಣಕ ಕೆಲಸದಲ್ಲಿ ಹೆಚ್ಚಿನ ಪಾಲು ಹೊರಗುತ್ತಿಗೆಯದು. ಸಂಬಳ ಕಡಿಮೆ, ಭದ್ರತೆ ಅದಕ್ಕಿಂತ ಕಡಿಮೆ. ಎರಡು ವರ್ಷ ದುಡಿದು ಒಳ–ಹೊರಗು ತಿಳಿದ ಹುಡುಗ ಬೇರೆ ಕೆಲಸ ಸಿಕ್ಕಿತೆಂದು ಹೋದರೆ ಅವನ ತಲೆಯಲ್ಲಿದ್ದ ತಿಳಿವಳಿಕೆಯೂ ಅವನ ಜೊತೆಗೇ ಹೋಗುತ್ತದೆ. ಕಚೇರಿ ಮತ್ತೆ ಮೊದಲಿಂದ ಶುರುಮಾಡಬೇಕು. ಲಕ್ಷಾಂತರ ರೈತರ ದಾಖಲೆ ಕಾಯುವ ಕೆಲಸವನ್ನು ದಿನಗೂಲಿಯ ಲೆಕ್ಕದಲ್ಲಿ ನೋಡುವುದು ಎಷ್ಟು ಸರಿ ಎಂದು ಆಡಳಿತ ನಡೆಸುವವರು ಯೋಚಿಸಬೇಕು. ಈ ದಾರಿ ಹಿಡಿಯುವ ಮಕ್ಕಳೂ ಸಿಕ್ಕ ಮೊದಲ ಗುತ್ತಿಗೆ ಕೆಲಸದಲ್ಲೇ ನಿಲ್ಲದೆ, ಅದನ್ನು ಅನುಭವಕ್ಕೆ ಇಟ್ಟುಕೊಂಡು ಓದನ್ನು ಮುಂದುವರಿಸುವುದು ಒಳ್ಳೆಯದು.

ಪಾಲಕರಿಗೆ ನಾಲ್ಕು ಮಾತು

ಪ್ರಮಾಣಪತ್ರಕ್ಕೆ ಕೊನೆಯ ವಾರದವರೆಗೂ ಕಾಯಬೇಡಿ. ಮಗು ಪಿಯುಸಿ ಸೇರಿದ ವರ್ಷವೇ ಇರುವ ಪತ್ರಗಳ ಅವಧಿ ನೋಡಿಕೊಳ್ಳಿ. ಮುಗಿಯುವಂತಿದ್ದರೆ ರಜೆಯಲ್ಲೇ ಅರ್ಜಿ ಹಾಕಿ.

ಅರ್ಜಿ ಕೊಟ್ಟಾಗ ‘ಸಕಾಲ’ದ 15 ಅಂಕಿಗಳ ಸಂಖ್ಯೆಯಿರುವ ರಸೀದಿಯನ್ನು ಕೇಳಿ ಪಡೆಯಿರಿ. 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂದ ಈ ಕಾನೂನಿನ ಪ್ರಕಾರ ಒಂದೊಂದು ಸೇವೆಗೂ ಇಂತಿಷ್ಟು ದಿನ ಎಂದು ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳುವ ಅವಕಾಶವನ್ನು ಕಾನೂನು ಕೊಟ್ಟಿದೆ. ಹಣ ದೊಡ್ಡದಲ್ಲ, ಆದರೆ ಹಕ್ಕು ದೊಡ್ಡದು. ರಸೀದಿ ಇಲ್ಲದ ಅರ್ಜಿ ಕೊಟ್ಟಂತೆಯೂ ಅಲ್ಲ, ಕೊಡದಂತೆಯೂ ಅಲ್ಲ.

ಪತ್ರ ಕೈಗೆ ಬಂದ ಕೂಡಲೇ, ಕಚೇರಿಯ ಬಾಗಿಲು ದಾಟುವ ಮೊದಲೇ, ಹೆಸರು ಮತ್ತು ಜಾತಿಯ ಅಕ್ಷರಗಳನ್ನು ಓದಿ ನೋಡಿ. ಆರ್‌ಡಿ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಆಧಾರ್ ಒಟಿಪಿಯನ್ನು, ಗುಪ್ತಪದವನ್ನು ಸೈಬರ್ ಅಂಗಡಿಯ ಕಾಗದದ ಮೇಲೆ ಬಿಟ್ಟು ಬರಬೇಡಿ.

‘ಸರ್ವರ್ ಇಲ್ಲ’ ಎಂದಾಗ ಸಿಟ್ಟಾಗದೆ ಒಂದು ಪ್ರಶ್ನೆ ಕೇಳಿ: ‘ಎಲ್ಲಿ ನಿಂತಿದೆ ಸಾರ್? ಕರೆಂಟೋ, ಕೇಬಲ್ಲೋ, ಬೆಂಗಳೂರೋ? ಯಾರಿಗೆ ತಿಳಿಸಿದ್ದೀರಿ?’ ಕೆರೆಯ ನೀರು ಗದ್ದೆಗೆ ಬರದಿದ್ದಾಗ ಊರವರು ಏರಿಯ ಮೇಲೆ ಹೋಗಿ ತೂಬು ನೋಡುತ್ತಿದ್ದರು. ಗಣಕದ ತೂಬು ಎಲ್ಲಿದೆ, ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವ ಹಕ್ಕು ಇಂದಿನ ಊರವರಿಗೂ ಇದೆ. ಪ್ರತಿ ಕಚೇರಿಯೂ ಅದಕ್ಕೆ ಒಂದು ಹೆಸರನ್ನು ತೋರಿಸುವಂತಾದ ದಿನ ‘ನಾಳೆ ಬನ್ನಿ’ ಎಂಬ ಮಾತು ತಾನಾಗಿಯೇ ಕಡಿಮೆಯಾಗುತ್ತದೆ.